ಸಾಸಿವೆ ಅಳೆದ ಚಳಿಗಾಲ

ತಾರ್ತು ಪಟ್ಟಣದ ಗುಡ್ಡದ ಮೇಲೆ
ಹೆಣ ಕೊಯ್ಯುವ ಗುಂಡು ಕಟ್ಟಡದಲ್ಲಿ
ಆ ವರ್ಷ ನನ್ನ ಕೆಲಸ ಅಂಕಿ ಬರೆಯುವುದು.
ಅಳೆಯುವವರು ಪ್ರೊಫೆಸರ್ ಶ್ಟ್ರಾಲ್‌ಮಾನ್.
ತೊಳೆಯುವವಳು ಎಪ್.

ತಲೆಬುರುಡೆಯನ್ನು ಬೋರಲು ಹಿಡಿದು
ಬೆನ್ನುಹುರಿ ಇಳಿಯುತ್ತಿದ್ದ ತೂತಿನಿಂದ
ಬಿಳಿ ಸಾಸಿವೆ ಸುರಿಯಬೇಕು, ತುಂಬುವ ತನಕ;
ಆಮೇಲೆ ಗಾಜಿನ ಕೊಳವೆಗೆ ಬಗ್ಗಿಸಿ
ಯಾವ ಗೆರೆಗೆ ನಿಂತಿತೆಂದು ನೋಡಬೇಕು.
ಹಿಡಿದಷ್ಟು ಮಿದುಳು. ಮಿದುಳಿದ್ದಷ್ಟು ಬುದ್ಧಿ.
ಎಡಕ್ಕೆ ಗಂಡಸರ ಲೆಕ್ಕ, ಬಲಕ್ಕೆ ಹೆಂಗಸರದು.
ನಡುವೆ ಕೆಂಪು ಶಾಯಿಯ ಗೆರೆ,
ನಾನೇ ಎಳೆದದ್ದು, ಅಡಿಕೋಲಿಟ್ಟು, ನೆಟ್ಟಗೆ.

ಚೆಲ್ಲಿದ ಕಾಳು ಆರಿಸುವುದು ಎಪ್‌ಳ ಪಾಲಿನ ವಿಜ್ಞಾನ.
ಅದು ಮುಗಿದರೆ ಮೂಲೆಯ ಸ್ಟೂಲಿನಲ್ಲಿ ಕೂತು
ಮುಂದಿನ ಬುರುಡೆಗೆ ಕಾಯುತ್ತ ಕೈಗವಸು ಹೆಣೆಯುತ್ತಿದ್ದಳು.
ಮೂರು ಬಣ್ಣ, ಎಂಟು ಮೊನೆಯ ನಕ್ಷತ್ರ,
ಇಪ್ಪತ್ತೇಳನೆಯ ಸಾಲಿಗೆ ಎಲ್ಲವೂ ಮಗುಚಿಕೊಂಡು
ಬಂದ ದಾರಿಯಲ್ಲೇ ವಾಪಸು.
"ಇದರ ನಕ್ಷೆ ಎಲ್ಲಿದೆ?" ಅಂದೆ.
ಉಸಿರಾಡುವ ಕ್ರಮ ಎಲ್ಲಿ ಬರೆದಿದೆ ಎಂದು
ಕೇಳಿದವನನ್ನು ನೋಡುವ ಹಾಗೆ ನೋಡಿದಳು.

ಫೆಬ್ರವರಿಯ ಒಂದು ಸಂಜೆ
ಪ್ರೊಫೆಸರರ ಸಾರೋಟು ಗುಡ್ಡ ಇಳಿದ ಮೇಲೆ
ಕಡ್ಡಿ ನಿಲ್ಲಿಸದೆ ಕೇಳಿದಳು:
"ನಮ್ಮಮ್ಮ ಸಂತೆಯಲ್ಲಿ ಬಟಾಣಿ ಮಾರುತ್ತಿದ್ದಳು.
ಕೊಳ್ಳುವಾಗ ಅದುಮಿ ಅಳೆಯುವ ಸಾಹುಕಾರ
ಮಾರುವಾಗ ಸಡಿಲ ಸುರಿಯುತ್ತಾನೆ. ಪಾತ್ರೆ ಅದೇ.
ನಿಮ್ಮ ದೊಡ್ಡವರು ಇವತ್ತು
ಏನು ಕೊಂಡರು, ಏನು ಮಾರಿದರು?"

ನಾನು ನೋಡಿರಲಿಲ್ಲವೇ?
ನೋಡಿದ್ದೆ.
ಗಂಡು ಬುರುಡೆ ಬಂದಾಗ ಹೆಬ್ಬೆರಳು
ತೂತಿನೊಳಗೆ ಇಳಿದು ಒಂದೇ ಒಂದು ಸಲ ಅದುಮುತ್ತಿತ್ತು,
ಮಗುವಿನ ಬಾಯಿಗೆ ತುತ್ತಿಡುವಷ್ಟು ಮೆತ್ತಗೆ.
ಇನ್ನೊಂದು ಹಿಡಿ ಸಾಸಿವೆಗೆ ಜಾಗವಾಗುತ್ತಿತ್ತು.
ಹೆಣ್ಣು ಬುರುಡೆ ಬಂದಾಗ ಅದೇ ಬೆರಳು
ಕೋಟಿನ ಜೇಬಿನಲ್ಲಿ ಬೆಚ್ಚಗೆ.
ಮೋಸ ಅನ್ನಲಾರೆ. ಅವರು ಬುರುಡೆ ಬಿಡುವವರಲ್ಲ.
ಸತ್ತ ನಾಯಿಗೆ ಮೂರು ದಿನ ಅತ್ತವರು,
ಎಪ್‌ಳ ಕೂಲಿ ಒಂದು ದಿನ ತಡ ಮಾಡಿದವರಲ್ಲ.
ಬೆರಳಿಗೆ ಗೊತ್ತಿದ್ದದ್ದು
ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಎಪ್ ಎದ್ದು, ಚೀಟಿ ಕಳಚಿಬಿದ್ದ ಬುರುಡೆಯೊಂದನ್ನು ತಂದಳು.
ಗಂಡೋ ಹೆಣ್ಣೋ ಯಾರೂ ಹೇಳಲಾರದ್ದು.
ಸಡಿಲ ಸುರಿದಳು. "ಓದು." ಓದಿದೆ.
ಅದುಮಿ ಸುರಿದಳು. "ಓದು." ಓದಿದೆ.
ನನ್ನ ಕೆಂಪು ಗೆರೆಯ ಆಚೆಗೂ ಈಚೆಗೂ ಇದ್ದ ಅಂತರ
ಕೊಳವೆಯೊಳಗೆ ಎದ್ದು ನಿಂತಿತ್ತು.
"ಹೆಚ್ಚು ಕಮ್ಮಿ ಅಷ್ಟೇ ಆಗುತ್ತೆ" ಅಂದೆ, ಗಂಟಲು ಸರಿಮಾಡಿಕೊಂಡು.
"ಹೆಚ್ಚು ಯಾವುದು, ಕಮ್ಮಿ ಯಾವುದು?" ಅಂದಳು.
"ಬರೆದುಕೋ."
ಶಾಯಿ ಹೆಪ್ಪುಗಟ್ಟಿದೆ ಅಂದೆ. ನಾಳೆ ಅಂದೆ.

ಮುಂದಿನ ಚಳಿಗಾಲಕ್ಕೆ ಪುಸ್ತಕ ಅಚ್ಚಾಗಿ ಬಂತು.
ಹದಿನೈದನೆಯ ಪುಟದ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ,
ನಿಖರ ದಾಖಲೆಗಾಗಿ ನನ್ನ ಹೆಸರಿಗೊಂದು ವಂದನೆ.
ಅಮ್ಮನಿಗೆ ಪ್ರತಿ ಕಳಿಸಿದೆ.
ಹೆಂಗಸರಿಗೆ ತರ್ಕ ಯಾಕೆ ಒಗ್ಗುವುದಿಲ್ಲ ಎಂಬ ಅಧ್ಯಾಯವನ್ನು
ಎರಡು ಸಲ ಓದಿ ಹೆಮ್ಮೆಯಿಂದ ಅತ್ತಳಂತೆ;
ನಲವತ್ತೊಂದನೆಯ ಪುಟದಲ್ಲಿ
ಕೂಡಿಸುವುದು ತಪ್ಪಿದೆ, ನೋಡಿಕೋ, ಎಂದೂ ಬರೆದಿದ್ದಳು.

ನಾನು ಊರು ಬಿಟ್ಟ ದಿನ
ಎಮಾಯೊಗಿಯಲ್ಲಿ ಮಂಜುಗಡ್ಡೆ ಬಿರಿಯುತ್ತಿತ್ತು.
ತಾಯಿಹೊಳೆ ಎಂದು ಅದರ ಅರ್ಥ, ಎಪ್‌ಳ ಜನರ ಮಾತಿನಲ್ಲಿ.
ಅವಳು ಸ್ಟೇಷನ್ನಿಗೆ ಬಂದು ಒಂದು ಪೊಟ್ಟಣ ಕೈಗಿಟ್ಟು
ರೈಲು ಹೊರಡುವುದಕ್ಕೂ ಕಾಯದೆ ತಿರುಗಿ ನಡೆದಳು.

ಅದೇ ಮೂರು ಬಣ್ಣ, ಅದೇ ನಕ್ಷತ್ರ.
ಎಡಗೈಯದು ಬೆಚ್ಚಗೆ ಹಿಡಿಯಿತು.
ಬಲಗೈಯದರಲ್ಲಿ
ಹೆಬ್ಬೆರಳಿಗೆ ಜಾಗವೇ ಇರಲಿಲ್ಲ.

ಇಪ್ಪತ್ತೇಳು ಸಾಲು ತಲೆಯಲ್ಲಿಟ್ಟುಕೊಂಡವಳು
ಮರೆತಿರಬೇಕು ಅಂದುಕೊಂಡೆ,
ರೀಗಾ ಬರುವ ತನಕ.